ತಪ್ಪಿಲ್ಲದ ತಂತ್ರಾಂಶವೆಲ್ಲ ಒಳ್ಳೆಯ ತಂತ್ರಾಂಶವೇ?

ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಮಗ್ಗುಲಿಗೆ ಅರಬ್ಬಿ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ಅಲ್ಲಿ ಕಾರು ನಿಲ್ಲಿಸಿ ಫೋಟೊ ತೆಗೆಯದೆ ಮುಂದೆ ಹೋಗುವವರು ಕಡಿಮೆ. ಕಳೆದ ಜುಲೈನಲ್ಲಿ ನಾವು ಅಲ್ಲಿ ನಿಂತದ್ದು ಫೋಟೊಗಾಗಿ ಅಲ್ಲ. ಮಳೆ ಸ್ವಲ್ಪ ಹೊಳವಾಗಿತ್ತು. ಹೊರಬಂದರಿನ ಹತ್ತಿರ ನಾಡದೋಣಿಯವರು ಬಲೆ ಸರಿಮಾಡುತ್ತ ಕೂತಿದ್ದರು. ಅವರಲ್ಲಿ ಹಿರಿಯರೊಬ್ಬರು ಪ್ಲಾಸ್ಟಿಕ್ ಕೊಟ್ಟೆಯೊಳಗಿದ್ದ ಮೊಬೈಲ್ ತೆಗೆದು, ಸಮುದ್ರದ ಮುನ್ಸೂಚನೆ ನೀಡುವ ಆ್ಯಪ್ ತೋರಿಸಲು ಹೊರಟರು. ಒದ್ದೆ ಬೆರಳು. ಒಮ್ಮೆ ಒತ್ತಿದರು, ಎರಡನೇ ಸಲ ಒತ್ತಿದರು, ಮೂರನೇ ಸಲ ಮತ್ತೇನೋ ತೆರೆದುಕೊಂಡಿತು. ಲುಂಗಿಗೆ ಕೈ ಒರೆಸಿದರು. ಲುಂಗಿಯೂ ಒದ್ದೆಯೇ.

"ಆ್ಯಪ್ ಲಾಯ್ಕಿತ್ತ್ ಮಾರಾಯ್ರೆ, ನಮ್ಗೆ ಬಳ್ಸುಕ್ ಬತ್ತಿಲ್ಲ ಅಷ್ಟೇ" ಎಂದು ನಕ್ಕರು.

ಈ ಮಾತನ್ನು ನೀವೂ ಕೇಳಿರುತ್ತೀರಿ, ಬಹುಶಃ ಆಡಿಯೂ ಇರುತ್ತೀರಿ. ಬ್ಯಾಂಕಿನ ಕೌಂಟರಿನಲ್ಲಿ, ಪಡಿತರ ಅಂಗಡಿಯ ಬೆರಳಚ್ಚು ಯಂತ್ರದ ಮುಂದೆ, ಮಗಳಿಗೆ ಫೋನ್ ಕೊಟ್ಟು 'ನೀನೇ ಮಾಡಿಕೊಡು' ಎನ್ನುವಾಗ. ತಂತ್ರಾಂಶ ಸರಿಯಾಗಿಯೇ ಇದೆ, ಬಳಸುವವರಿಗೆ ತಿಳಿವಳಿಕೆ ಸಾಲದು ಎಂಬ ನಂಬಿಕೆ ಎಷ್ಟು ಬಲವಾಗಿದೆಯೆಂದರೆ, ತೊಂದರೆ ಅನುಭವಿಸುವವರೇ ಅದನ್ನು ಮೊದಲು ಒಪ್ಪಿಕೊಂಡುಬಿಡುತ್ತಾರೆ. ಈ ನಂಬಿಕೆ ನಿಜವೇ ಎನ್ನುವುದು ಇಲ್ಲಿನ ಪ್ರಶ್ನೆ.

ಒದ್ದೆ ಬೆರಳಿನ ಲೆಕ್ಕ

ಮೊದಲು ಆ ಬೆರಳಿನಿಂದಲೇ ಶುರುಮಾಡೋಣ. ಇವತ್ತಿನ ಮೊಬೈಲ್ ಪರದೆಗೆ ಒತ್ತಡ ಗೊತ್ತಾಗುವುದಿಲ್ಲ, ವಿದ್ಯುತ್ತು ಗೊತ್ತಾಗುತ್ತದೆ. ಗಾಜಿನ ಕೆಳಗೆ ಕಣ್ಣಿಗೆ ಕಾಣದಷ್ಟು ತೆಳುವಾದ ವಾಹಕ ಪದರವೊಂದು ಜಾಲರಿಯಂತೆ ಹರಡಿರುತ್ತದೆ. ನಮ್ಮ ದೇಹ ವಿದ್ಯುತ್ ವಾಹಕವಾದ್ದರಿಂದ ಬೆರಳು ಹತ್ತಿರ ಬಂದ ಜಾಗದಲ್ಲಿ ಜಾಲರಿಯ ವಿದ್ಯುದಾವೇಶ ತುಸು ಬದಲಾಗುತ್ತದೆ. ಆ ಬದಲಾವಣೆ ಎಲ್ಲಾಯಿತು ಎಂದು ನೋಡಿ 'ಇಲ್ಲಿ ಮುಟ್ಟಿದ್ದಾರೆ' ಎಂದು ಫೋನ್ ತೀರ್ಮಾನಿಸುತ್ತದೆ.

ನೀರೂ ವಾಹಕವೇ, ಅದರಲ್ಲೂ ಉಪ್ಪುನೀರು ಬಹಳ ಒಳ್ಳೆಯ ವಾಹಕ. ಪರದೆಯ ಮೇಲೆ ಸಮುದ್ರದ ನೀರಿನ ಹನಿ ಕೂತರೆ ಅದೂ ಬೆರಳಿನ ಹಾಗೆಯೇ ಕಾಣಬಹುದು. ಹನಿಯೂ ಬೆರಳೂ ಒಂದಕ್ಕೊಂದು ತಾಗಿದರೆ ಮುಟ್ಟಿದ ಜಾಗ ಯಾವುದೆಂದೇ ಗೊತ್ತಾಗದೆ ಫೋನ್ ಗಲಿಬಿಲಿಗೊಳ್ಳುತ್ತದೆ. ಹಳೆಯ ಕೀಪ್ಯಾಡ್ ಫೋನಿಗೂ ದೋಣಿಯ ವಯರ್‌ಲೆಸ್ ಸೆಟ್ಟಿಗೂ ಈ ತೊಂದರೆ ಇರಲಿಲ್ಲ. ಅಲ್ಲಿ ಗುಂಡಿ ಒತ್ತಿದರೆ ಒತ್ತಿದಂತೆ.

ಅಂದರೆ ಆ ಹಿರಿಯರಿಗೆ ಫೋನ್ ಬಳಸಲು ಬರುವುದಿಲ್ಲ ಎನ್ನುವುದು ತಪ್ಪು. ಅವರ ಕೈ ದಿನದ ಹೆಚ್ಚು ಹೊತ್ತು ಒದ್ದೆಯಾಗಿರುತ್ತದೆ, ಅಷ್ಟೇ. ಚಿಕ್ಕ ಚಿಕ್ಕ ಗುಂಡಿಗಳನ್ನು ಒಂದರ ಪಕ್ಕ ಒಂದು ಜೋಡಿಸಿದ ಆ್ಯಪ್ ತಯಾರಾದ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿತ್ತು, ಕೈ ಒಣಗಿತ್ತು. ಅಲ್ಲಿ ಪರೀಕ್ಷಿಸಿದಾಗ ಒಂದು ತಪ್ಪೂ ಸಿಕ್ಕಿರಲಿಕ್ಕಿಲ್ಲ.

ಗುಣಮಟ್ಟ ಯಾರ ಲೆಕ್ಕದಲ್ಲಿ?

ತಂತ್ರಾಂಶ ತಯಾರಿಕೆಯನ್ನು ಸೇತುವೆ, ಕಟ್ಟಡಗಳ ನಿರ್ಮಾಣದಂತೆ ಎಂಜಿನಿಯರಿಂಗ್ ಶಿಸ್ತಾಗಿ ರೂಪಿಸಬೇಕೆಂಬ ದೊಡ್ಡ ಚರ್ಚೆ ನಡೆದದ್ದು 1968ರಲ್ಲಿ, ಜರ್ಮನಿಯ ಗಾರ್ಮಿಶ್ ಎಂಬ ಊರಿನ ಸಮ್ಮೇಳನವೊಂದರಲ್ಲಿ. ಹೇಳಿದ ಹೊತ್ತಿಗೆ ಮುಗಿಯದ, ಹೇಳಿದ ದುಡ್ಡಿನಲ್ಲಿ ಆಗದ, ನಂಬಿ ಕೂರಲಾಗದ ತಂತ್ರಾಂಶಗಳಿಂದ ಎಲ್ಲರೂ ಕಂಗೆಟ್ಟಿದ್ದರು. ಆಗಿನಿಂದ ಗುಣಮಟ್ಟದ ಬಗ್ಗೆ ಎರಡು ಬಗೆಯ ಯೋಚನೆಗಳು ಜೊತೆಜೊತೆಗೇ ನಡೆದುಬಂದಿವೆ. ಎರಡೂ ಮೂಲತಃ ಕಾರ್ಖಾನೆಗಳ ಲೋಕದಿಂದ ಬಂದವು.

ಒಂದು ಫಿಲಿಪ್ ಕ್ರಾಸ್ಬಿಯದು: ಏನು ಬೇಕೆಂದು ಮೊದಲೇ ಬರೆದುಕೊಂಡಿದ್ದೇವೋ ಅದಕ್ಕೆ ಸರಿಹೊಂದಿದರೆ ಅದೇ ಗುಣಮಟ್ಟ. ಇನ್ನೊಂದು ಜೋಸೆಫ್ ಜುರಾನ್ ಅವರದು: ಬಳಕೆಗೆ ಒದಗಿದರೆ ಗುಣಮಟ್ಟ. ಮೇಲುನೋಟಕ್ಕೆ ಎರಡೂ ಒಂದೇ ಎನಿಸುತ್ತದೆ. ಬರೆದುಕೊಂಡ ಪಟ್ಟಿಯಲ್ಲಿ 'ಒದ್ದೆ ಕೈಯಿಂದಲೂ ಬಳಸುವಂತಿರಬೇಕು' ಎಂಬ ಸಾಲು ಇಲ್ಲದಿದ್ದಾಗ ವ್ಯತ್ಯಾಸ ತಿಳಿಯುತ್ತದೆ. ಮೊದಲ ಲೆಕ್ಕದಲ್ಲಿ ಆ ಆ್ಯಪ್ ಪಾಸು, ಎರಡನೆಯ ಲೆಕ್ಕದಲ್ಲಿ ನಪಾಸು.

ಮುಂದೆ ತಂತ್ರಾಂಶದ ಬಗ್ಗೆಯೇ ಬರೆದ ಜೆರಾಲ್ಡ್ ವೈನ್‌ಬರ್ಗ್ ಇದನ್ನು ಇನ್ನೂ ಬಿಗಿಮಾಡಿದರು. ಗುಣಮಟ್ಟ ಎನ್ನುವುದು ವಸ್ತುವಿನೊಳಗೆ ಕೂತಿಲ್ಲ, ಯಾರೋ ಒಬ್ಬ ಮನುಷ್ಯನಿಗೆ ಅದರಿಂದ ಆಗುವ ಪ್ರಯೋಜನದಲ್ಲಿದೆ ಎಂಬುದು ಅವರ ವಾದದ ತಿರುಳು. ಆ ಒಬ್ಬ ಮನುಷ್ಯ ಯಾರು? ದುಡ್ಡು ಕೊಟ್ಟವರೋ, ವರದಿ ಕೇಳುವ ಅಧಿಕಾರಿಯೋ, ದೋಣಿಯಲ್ಲಿ ಕೂತವರೋ? ನಮ್ಮ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದೇ. ಯಾರನ್ನು ಆರಿಸಿಕೊಳ್ಳುತ್ತೇವೆ ಎನ್ನುವುದು ತಾಂತ್ರಿಕ ತೀರ್ಮಾನವಲ್ಲ.

ತಂತ್ರಾಂಶದ ಗುಣಮಟ್ಟಕ್ಕೆ ಅಂತಾರಾಷ್ಟ್ರೀಯ ಮಾನದಂಡವೂ ಇದೆ. ಐಎಸ್‌ಒ/ಐಇಸಿ 25010 ಎಂಬ ಹೆಸರಿನ ಅದರ 2011ರ ಆವೃತ್ತಿಯಲ್ಲಿ ಎಂಟು ಗುಣಗಳಿದ್ದವು: ಮಾಡಬೇಕಾದ್ದನ್ನು ಮಾಡುವುದು, ವೇಗ, ಹೊಂದಾಣಿಕೆ, ಬಳಕೆಯ ಸುಲಭತೆ, ನಂಬಿಕೆಗೆ ಅರ್ಹತೆ, ಭದ್ರತೆ, ಮುಂದೆ ದುರಸ್ತಿಗೆ ಅನುಕೂಲ, ಬೇರೆಡೆಗೆ ಸಾಗಿಸುವ ಅನುಕೂಲ. 2023ರ ಪರಿಷ್ಕರಣೆಯಲ್ಲಿ ಸುರಕ್ಷತೆ, ಅಂದರೆ ಮನುಷ್ಯರ ಜೀವಕ್ಕೆ ಅಪಾಯ ತರದಿರುವ ಗುಣ, ಒಂಬತ್ತನೆಯದಾಗಿ ಸೇರಿತು. ಪಟ್ಟಿ ಚೆನ್ನಾಗಿಯೇ ಇದೆ. ಆದರೆ ಪಟ್ಟಿಯೊಂದೇ ಯಾರನ್ನೂ ಮರವಂತೆಗೆ ಕರೆತರುವುದಿಲ್ಲ.

'ಸಾಧಾರಣ' ಅಲೆ

ಇಲ್ಲಿ ನಮ್ಮದೇ ತಪ್ಪೊಂದನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಹವಾಮಾನ ಸಂದೇಶಗಳನ್ನು ಕನ್ನಡಕ್ಕೆ ತರುವ ಪುಟ್ಟ ಕೆಲಸವೊಂದರಲ್ಲಿ ನಾವಿದ್ದೆವು. ಸಮುದ್ರದ ಸ್ಥಿತಿಯನ್ನು ಹೇಳಲು ಜಗತ್ತಿನಾದ್ಯಂತ ಒಂದು ಅಳತೆಗೋಲು ಬಳಕೆಯಲ್ಲಿದೆ. ಅದರಲ್ಲಿ 'ಮಾಡರೇಟ್' ಎಂದರೆ ಅಲೆಯ ಎತ್ತರ 1.25ರಿಂದ 2.5 ಮೀಟರ್, 'ರಫ್' ಎಂದರೆ 2.5ರಿಂದ 4 ಮೀಟರ್. ನಿಘಂಟು ನೋಡಿ ನಾವು 'ಮಾಡರೇಟ್' ಎನ್ನುವುದಕ್ಕೆ 'ಸಾಧಾರಣ' ಎಂದು ಬರೆದೆವು. ಯಾರೂ ಆಕ್ಷೇಪಿಸಲಿಲ್ಲ. ತಂತ್ರಾಂಶ ಆ ಪದವನ್ನು ಸರಿಯಾದ ದಿನ, ಸರಿಯಾದ ಜಾಗದಲ್ಲಿ ತಪ್ಪದೆ ತೋರಿಸುತ್ತಿತ್ತು.

ನಾವು ಮಾಡಿದ ಪದ ಇದು ಎಂದು ಹೇಳದೆ ಅದನ್ನು ಆ ಹಿರಿಯರ ಮುಂದೆ ಓದಿದೆವು. "ಸಾಧಾರಣ ಅಂದ್ರೆ ಎಂತ ತೊಂದ್ರೆ ಇಲ್ಲ, ಹೋಯ್ಲಕ್ಕ್ ಅಂದೇ ಅಲ್ದಾ?" ಎಂದರು.

ಕನ್ನಡದಲ್ಲಿ ಆ ಪದಕ್ಕಿರುವ ಅರ್ಥ ಅದೇ. 'ಸಾಧಾರಣ ಜ್ವರ' ಎಂದರೆ ಗಾಬರಿಪಡಬೇಡಿ ಎಂದರ್ಥ. ಎರಡೂವರೆ ಮೀಟರಿನ ಅಲೆ ದೊಡ್ಡ ಹಡಗಿಗೆ ಗಾಬರಿಯ ಮಾತಲ್ಲ, ನಾಡದೋಣಿಗೆ ಹೌದು. ಹಡಗಿನ ಮೇಲೆ ನಿಂತವರು ಮಾಡಿದ ಅಳತೆಗೋಲನ್ನು ನಾವು ದೋಣಿಯವರ ಭಾಷೆಗೆ ತಂದಿದ್ದೆವು, ದೋಣಿಯನ್ನು ಮಾತ್ರ ನೆನಪಿಟ್ಟುಕೊಂಡಿರಲಿಲ್ಲ.

ಪದ ಬಿಟ್ಟು ಅಂಕಿ ಕೊಟ್ಟರೆ ಆಯಿತಲ್ಲ ಎನ್ನಬಹುದು. ಅದರಲ್ಲೂ ಒಂದು ಸಿಕ್ಕು ಇದೆ. ಮುನ್ಸೂಚನೆಯಲ್ಲಿ 'ಅಲೆ 2 ಮೀಟರ್' ಎಂದು ಬಂದರೆ ಅಲೆಗಳೆಲ್ಲ ಎರಡು ಮೀಟರ್ ಇರುತ್ತವೆ ಎಂದಾಗಲಿ, ಅದಕ್ಕಿಂತ ದೊಡ್ಡದು ಬರುವುದಿಲ್ಲ ಎಂದಾಗಲಿ ಅಲ್ಲ. ಬರುವ ಅಲೆಗಳನ್ನು ಎತ್ತರದ ಪ್ರಕಾರ ಜೋಡಿಸಿ, ಅತಿ ಎತ್ತರದ ಮೂರನೇ ಒಂದು ಭಾಗವನ್ನು ಮಾತ್ರ ತೆಗೆದು, ಅವುಗಳ ಸರಾಸರಿ ಲೆಕ್ಕ ಹಾಕಿದಾಗ ಸಿಗುವ ಅಂಕಿ ಅದು. ಅನುಭವಸ್ಥ ನಾವಿಕನೊಬ್ಬ ಕಣ್ಣಂದಾಜಿನಲ್ಲಿ ಹೇಳುವ ಎತ್ತರಕ್ಕೆ ಇದು ಹತ್ತಿರ ಬರುತ್ತದೆ ಎಂಬ ಕಾರಣಕ್ಕೆ ವಿಜ್ಞಾನಿಗಳು ಇದನ್ನು ಆರಿಸಿಕೊಂಡರು. ಹೀಗಾಗಿ '2 ಮೀಟರ್' ಎಂದ ದಿನ ಸಾವಿರ ಅಲೆಗಳಲ್ಲಿ ಒಂದು ಹೆಚ್ಚುಕಡಿಮೆ ನಾಲ್ಕು ಮೀಟರಿನಷ್ಟು ಏಳಬಹುದು. ಸಾವಿರ ಅಲೆ ಎಂದರೆ ಬಹಳವೇನಲ್ಲ, ಒಂದೆರಡು ಗಂಟೆಯ ಸಮುದ್ರ.

ಅಂಕಿ ಸರಿ, ಲೆಕ್ಕ ಸರಿ, ಪರದೆಯ ಮೇಲೆ ಮೂಡಿದ್ದೂ ಸರಿ. ಓದಿದವರು ಅರ್ಥಮಾಡಿಕೊಂಡದ್ದು ಮಾತ್ರ ಬೇರೆ.

ಇದಕ್ಕೆ ಒಳ್ಳೆಯ ಉತ್ತರ ಬಂದದ್ದು ಹೈದರಾಬಾದಿನ ಇನ್‌ಕಾಯಿಸ್‌ನಿಂದ. ಸಾಗರದ ಮಾಹಿತಿ ನೀಡುವ ಕೇಂದ್ರ ಸರ್ಕಾರದ ಈ ಸಂಸ್ಥೆ 2020ರಲ್ಲಿ ಸಣ್ಣ ದೋಣಿಗಳಿಗೆಂದೇ ಒಂದು ಮುನ್ನೆಚ್ಚರಿಕೆ ವ್ಯವಸ್ಥೆ ತಂದಿತು. ಅದು ಅಲೆಯ ಎತ್ತರವೊಂದನ್ನೇ ನೋಡುವುದಿಲ್ಲ. ಅಲೆ ಎಷ್ಟು ಕಡಿದಾಗಿದೆ, ಬೇರೆ ಬೇರೆ ದಿಕ್ಕುಗಳಿಂದ ಬಂದು ಬೆರೆಯುತ್ತಿದೆಯೇ, ಗಾಳಿ ಹಠಾತ್ತಾಗಿ ಜೋರಾಗುತ್ತಿದೆಯೇ ಎಂಬುದನ್ನೂ ಸೇರಿಸಿ ದೋಣಿಯ ಸುರಕ್ಷತೆಯ ಸೂಚ್ಯಂಕವೊಂದನ್ನು ಲೆಕ್ಕ ಹಾಕುತ್ತದೆ, ಅದೂ ಏಳು ಮೀಟರ್‌ವರೆಗೆ ಅಗಲವಿರುವ ದೋಣಿಗಳಿಗೆ. ಮೊದಲಿನ ವ್ಯವಸ್ಥೆ ಸಮುದ್ರ ಹೇಗಿದೆ ಎಂದು ಹೇಳುತ್ತಿತ್ತು. ನಿಮ್ಮ ದೋಣಿಗೆ ಈ ಸಮುದ್ರ ಹೇಗಿದೆ ಎಂದು ಇದು ಹೇಳಲು ಯತ್ನಿಸುತ್ತದೆ. ಮನುಷ್ಯರ ಅಗತ್ಯದಿಂದ ಶುರುಮಾಡಿದರೆ ಒಳಗಿನ ಗಣಿತವೇ ಬದಲಾಗುತ್ತದೆ, ಪರದೆಯ ಬಣ್ಣವಷ್ಟೇ ಅಲ್ಲ.

ಮೀನು ಎಲ್ಲಿದೆ ಎಂಬುದು ಸಾಕೇ?

ಇದೇ ಸಂಸ್ಥೆ ಇನ್ನೂ ಹಳೆಯದೊಂದು ಸೇವೆ ಕೊಡುತ್ತದೆ. ಮೀನು ಸಿಗುವ ಸಾಧ್ಯತೆ ಹೆಚ್ಚಿರುವ ಜಾಗಗಳ ಮಾಹಿತಿ, ಕನ್ನಡವೂ ಸೇರಿದಂತೆ ಕರಾವಳಿಯ ಭಾಷೆಗಳಲ್ಲಿ. ಉಪಗ್ರಹಗಳು ಸಮುದ್ರದ ಮೇಲ್ಮೈಯ ಉಷ್ಣತೆಯನ್ನೂ ನೀರಿನ ಬಣ್ಣವನ್ನೂ ಅಳೆಯುತ್ತವೆ. ಬಣ್ಣದಿಂದ ಪತ್ರಹರಿತ್ತು ಎಷ್ಟಿದೆ, ಅಂದರೆ ಸೂಕ್ಷ್ಮ ಸಸ್ಯಗಳು ಎಷ್ಟಿವೆ ಎಂದು ತಿಳಿಯುತ್ತದೆ. ತಣ್ಣನೆಯ ನೀರೂ ಬಿಸಿನೀರೂ ಕೂಡುವ ಗಡಿಯಲ್ಲಿ ಇಂಥ ಸಸ್ಯಗಳು ಹೆಚ್ಚಿದ್ದರೆ ಅವನ್ನು ತಿನ್ನುವ ಜೀವಿಗಳೂ, ಆ ಜೀವಿಗಳನ್ನು ತಿನ್ನುವ ಮೀನುಗಳೂ ಬರುತ್ತವೆ ಎನ್ನುವುದು ತರ್ಕ. ಯಾವ ದಡದಿಂದ ಯಾವ ದಿಕ್ಕಿಗೆ ಎಷ್ಟು ಕಿಲೋಮೀಟರ್, ಅಲ್ಲಿ ಎಷ್ಟು ಆಳ ಎಂದು ಸಂದೇಶ ಬರುತ್ತದೆ. ಹುಡುಕಾಟದಲ್ಲಿ ಡೀಸೆಲ್ ಸುಡುವ ಬೋಟುಗಳಿಗೆ ಇದರ ಬೆಲೆ ಗೊತ್ತು.

ಆದರೆ ಉಪಗ್ರಹಕ್ಕೆ ಮೋಡ ಅಡ್ಡಿ. ಮೀನುಗಾರಿಕೆ ನಿಷೇಧದ ಅವಧಿಯಲ್ಲೂ ಸಮುದ್ರ ಕೆಟ್ಟಿರುವಾಗಲೂ ಈ ಸಂದೇಶ ಕೊಡುವುದಿಲ್ಲ. ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ಸಾಂಪ್ರದಾಯಿಕ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಮರವಂತೆಯ ನಾಡದೋಣಿಯವರ ಮುಖ್ಯ ದುಡಿಮೆಯ ಕಾಲ ಈ ಮಳೆಗಾಲವೇ. ಅಂದರೆ ಸೇವೆ ಮೌನವಾಗುವುದೂ ಇವರ ದೋಣಿ ನೀರಿಗಿಳಿಯುವುದೂ ಒಂದೇ ತಿಂಗಳಲ್ಲಿ!

ಇದು ವಿಜ್ಞಾನಿಗಳ ತಪ್ಪಲ್ಲ, ಮೋಡದಾಚೆ ನೋಡುವುದು ಅವರ ಕೈಯಲ್ಲಿಲ್ಲ. ನಾವು ಹೇಳುತ್ತಿರುವುದು ಬೇರೆ. 'ಮೀನುಗಾರರು' ಎಂಬ ಒಂದೇ ಪದದ ಕೆಳಗೆ ವಾರಗಟ್ಟಲೆ ಆಳಸಮುದ್ರದಲ್ಲಿರುವ ಬೋಟಿನವರೂ ಬರುತ್ತಾರೆ, ದಡ ಕಾಣುವಷ್ಟು ದೂರದಲ್ಲೇ ಬಲೆ ಹಾಕುವ ನಾಡದೋಣಿಯವರೂ ಬರುತ್ತಾರೆ. ಮೀನು ಹೊತ್ತು ಮನೆ ಮನೆಗೆ ಮಾರುವ ಹೆಂಗಸರಂತೂ ಎಷ್ಟೋ ಸಲ ಪಟ್ಟಿಯಲ್ಲೇ ಇರುವುದಿಲ್ಲ. ಅವರಿಗೆ ಬೇಕಾದ್ದು ಮೀನಿನ ಜಾಗವಲ್ಲ, ಗಂಗೊಳ್ಳಿಯಲ್ಲಿ ಇವತ್ತು ಬಂಗುಡೆ ಎಷ್ಟಕ್ಕೆ ಹೋಗುತ್ತಿದೆ ಎಂಬುದು. 'ಬಳಕೆದಾರ' ಎಂದು ಒಬ್ಬನನ್ನೇ ಕಲ್ಪಿಸಿಕೊಂಡಾಗ ಉಳಿದವರು ಸದ್ದಿಲ್ಲದೆ ಹೊರಗುಳಿಯುತ್ತಾರೆ.

ದೋಣಿಯ ಮಾತನ್ನೇ ತೆಗೆದುಕೊಳ್ಳಿ. ಹಿರಿಯರು ಆಳವನ್ನು ಹೇಳುವುದು ಮಾರಿನಲ್ಲಿ. ಎರಡೂ ಕೈ ಚಾಚಿದರೆ ಒಂದು ಮಾರು. ಹಗ್ಗ ಎಳೆಯುವಾಗ ತನ್ನಿಂತಾನೇ ಆಗುವ ಅಳತೆ ಅದು. ಆ್ಯಪ್ ಹೇಳುವುದು ಮೀಟರಿನಲ್ಲಿ. ಗುಣಾಕಾರ ಮಾಡಬೇಕಾದವರು ಯಾರು? ಲೆಕ್ಕ ಮಾಡುವುದಕ್ಕೆಂದೇ ಇರುವ ಯಂತ್ರವನ್ನು ಸುಮ್ಮನೆ ಕೂರಿಸಿ, ಅಲೆಯ ಮೇಲೆ ತೂಗಾಡುತ್ತಿರುವ ಮನುಷ್ಯನಿಗೆ ಲೆಕ್ಕ ಕೊಡುತ್ತಿದ್ದೇವೆ.

ಇದನ್ನು ತಿರುವಿಹಾಕಿದ ಉದಾಹರಣೆಯೊಂದು ಇಪ್ಪತ್ತೈದು ವರ್ಷಕ್ಕೂ ಹಿಂದಿನದು. 1998ರಲ್ಲಿ ಎಂ. ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ ಪುದುಚೇರಿಯ ಹಳ್ಳಿಗಳಲ್ಲಿ ಮಾಹಿತಿ ಕೇಂದ್ರಗಳನ್ನು ಶುರುಮಾಡಿತು. ವೀರಾಂಪಟ್ಟಿನಂ ಎಂಬ ಮೀನುಗಾರರ ಹಳ್ಳಿಗೆ ಅಲೆಗಳ ಮುನ್ಸೂಚನೆ ಬರುತ್ತಿದ್ದದ್ದು ಅಮೆರಿಕದ ನೌಕಾಪಡೆಯ ಜಾಲತಾಣದಿಂದ. ಅದನ್ನು ಇಳಿಸಿಕೊಂಡ ಕಾರ್ಯಕರ್ತರು ಯಾರನ್ನೂ ಕಂಪ್ಯೂಟರ್ ಮುಂದೆ ಕೂರಿಸಲಿಲ್ಲ. ಧ್ವನಿವರ್ಧಕ ಕಟ್ಟಿ, ದಡದಲ್ಲಿ ಬಲೆ ಸರಿಮಾಡುತ್ತಿದ್ದವರ ಕಿವಿಗೆ ತಮಿಳಿನಲ್ಲೇ ಹೇಳಿದರು. ಕೊನೆಯ ಇನ್ನೂರು ಮೀಟರ್ ದಾರಿಯಲ್ಲಿ ತಂತ್ರಾಂಶವೇ ಇರಲಿಲ್ಲ. ವ್ಯವಸ್ಥೆ ಎಂದರೆ ಬರೀ ಕೋಡ್ ಅಲ್ಲ, ಆ ಧ್ವನಿವರ್ಧಕವೂ ಅದರ ಭಾಗವೇ ಎಂದು ತಿಳಿದಿದ್ದವರು ಮಾಡಿದ ಕೆಲಸ ಅದು.

'ಬಳಕೆದಾರರ ತಪ್ಪು'

ದೋಷವನ್ನು ಮನುಷ್ಯರ ತಲೆಗೆ ಕಟ್ಟುವುದು ಎಷ್ಟು ಅಪಾಯಕಾರಿ ಎನ್ನುವುದಕ್ಕೆ ವೈದ್ಯಕೀಯ ಲೋಕದಲ್ಲಿ ಒಂದು ಕಹಿ ಉದಾಹರಣೆಯಿದೆ. ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರ 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾಗಳಲ್ಲಿ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಹಾಯಿಸಿತು. ಸಾವುಗಳೂ ಆದವು. ಪರದೆಯ ಮೇಲೆ 'ಮಾಲ್‌ಫಂಕ್ಷನ್ 54' ಎಂದಷ್ಟೇ ಬರುತ್ತಿತ್ತು. ಹಾಗೆಂದರೇನು ಎಂದು ಕೈಪಿಡಿಯಲ್ಲಿ ವಿವರಣೆ ಇರಲಿಲ್ಲ. ಇಂಥ ಸಂದೇಶಗಳು ಪದೇ ಪದೇ ಬರುತ್ತಿದ್ದುದರಿಂದ ನಡೆಸುವವರು ಒಂದು ಕೀಲಿ ಒತ್ತಿ ಮುಂದುವರಿಯುವುದನ್ನು ರೂಢಿಮಾಡಿಕೊಂಡಿದ್ದರು.

ಮುಂದೆ ಬಯಲಾದ ದೋಷಗಳಲ್ಲಿ ಒಂದು ವಿಚಿತ್ರವಾಗಿತ್ತು. ಕೆಲಸ ಚೆನ್ನಾಗಿ ಪಳಗಿದ್ದವರು, ವೇಗವಾಗಿ ಬೆರಳಾಡಿಸಿ ವಿವರ ತಿದ್ದಿದಾಗ ಮಾತ್ರ ಅದು ಕಾಣಿಸಿಕೊಳ್ಳುತ್ತಿತ್ತು. ಹೊಸಬರಂತೆ ನಿಧಾನವಾಗಿ ಒತ್ತಿ ಪರೀಕ್ಷಿಸಿದವರಿಗೆ ಅದು ಸಿಗಲೇ ಇಲ್ಲ. ತಿಳಿವಳಿಕೆ ಸಾಲದೆ ಆದ ಅನಾಹುತವಲ್ಲ ಅದು, ಕೈ ಪಳಗಿದ್ದರಿಂದ ಹೊರಬಿದ್ದದ್ದು.

ಮನುಷ್ಯ ಹೇಗೆ ಮಾಡುತ್ತಾನೋ ಅದನ್ನೇ ಆಧಾರವಾಗಿಟ್ಟುಕೊಂಡ ಒಳ್ಳೆಯ ಕೆಲಸ ನಮ್ಮ ಕರಾವಳಿಯವರಿಂದಲೇ ಆಗಿದೆ. ಕಿನ್ನಿಕಂಬಳದ ಕೆ. ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸ ಮುಂದೆ ನುಡಿ ತಂತ್ರಾಂಶದ ಮೂಲಕ ಕಚೇರಿ ಕಚೇರಿಗೆ ಹೋಯಿತು. ಟೈಪ್‌ರೈಟರಿನ ಹಾಗೆ ಅಕ್ಷರದ ತುಂಡುಗಳನ್ನು ಜೋಡಿಸುವ ಬದಲು, ನಾಲಿಗೆ ನುಡಿಯುವ ಕ್ರಮದಲ್ಲೇ ಬೆರಳು ಒತ್ತಿದರೆ ಸಾಕು: ಕ, ಆಮೇಲೆ ಸ್ವರ. ಒತ್ತಕ್ಷರ ಬೇಕಾದರೆ ನಡುವೆ ಎಫ್ ಕೀಲಿ. ಒತ್ತು ಎಲ್ಲಿ ಕೂರಬೇಕು, ಕೊಂಬು ಎಷ್ಟು ಉದ್ದ ಎಂಬ ಚಿಂತೆಯನ್ನು ಯಂತ್ರಕ್ಕೆ ಬಿಟ್ಟರು. ಈ ಲೇಖನವನ್ನೂ ನಾವು ಅದೇ ವಿನ್ಯಾಸದಲ್ಲಿ ಒತ್ತುತ್ತಿದ್ದೇವೆ.

ಎರಡನೇ ಪರದೆ

ಸರ್ಕಾರಿ ತಂತ್ರಾಂಶಗಳ ಮಾತು ಬಂದಾಗ ಕರ್ನಾಟಕದಲ್ಲಿ 'ಭೂಮಿ'ಯನ್ನು ಬಿಟ್ಟು ಮುಂದೆ ಹೋಗಲಾಗದು. ಎರಡು ಸಾವಿರದ ದಶಕದ ಶುರುವಿನಲ್ಲಿ, ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ, 67 ಲಕ್ಷ ರೈತರಿಗೆ ಸೇರಿದ ಹೆಚ್ಚುಕಡಿಮೆ ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. ಆಗಿನ 177 ತಾಲ್ಲೂಕುಗಳಲ್ಲೂ ಕೇಂದ್ರ ತೆರೆದರು. 15 ರೂಪಾಯಿ ಕೊಟ್ಟರೆ ಪಹಣಿ.

ಈ ಯೋಜನೆಯಲ್ಲಿ ನಮಗೆ ಇಷ್ಟವಾದದ್ದು ಪುಟ್ಟದೊಂದು ವಿವರ. ಕೇಂದ್ರದಲ್ಲಿ ಸಿಬ್ಬಂದಿಯ ಮುಂದೆ ಒಂದು ಪರದೆ, ಕಿಟಕಿಯಾಚೆ ನಿಂತ ರೈತನ ಕಡೆಗೆ ತಿರುಗಿಸಿದ ಇನ್ನೊಂದು ಪರದೆ. ತನ್ನ ಜಮೀನಿನ ಬಗ್ಗೆ ಏನು ನಡೆಯುತ್ತಿದೆ ಎಂದು ಅವನೂ ನೋಡಬಹುದು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳುವಂತೆ ತಂತ್ರಾಂಶವೇ ಕಟ್ಟುಹಾಕಿತು. ರೈತನಿಗೆ ಬೇಕಿದ್ದದ್ದು ಕಾಗದ ಮಾತ್ರವಲ್ಲ, ತನಗೆ ಮೋಸವಾಗುತ್ತಿಲ್ಲ ಎಂಬ ಖಾತ್ರಿಯೂ ಎನ್ನುವುದು ಇಲ್ಲಿ ಯಾರಿಗೋ ಹೊಳೆದಿತ್ತು.

ಇದೇ ಯೋಜನೆಯ ಇನ್ನೊಂದು ಮುಖವನ್ನು ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರ 2007ರ ಅಧ್ಯಯನ ತೋರಿಸಿತು. ಹಳ್ಳಿಯಲ್ಲಿದ್ದ ದಾಖಲೆ ಒಂದೆಡೆ ಕೂಡಿದಾಗ ದೊಡ್ಡ ಪ್ರಮಾಣದಲ್ಲಿ ಭೂಮಿ ಕೊಳ್ಳುವವರಿಗೆ ಅದು ಸಲೀಸಾಯಿತು, ಸಣ್ಣವರ ತೊಡಕು ಕಡಿಮೆಯಾಗಲಿಲ್ಲ ಎಂಬುದು ಅವರ ವಾದ. ಎರಡೂ ನಿಜವಾಗಿರಬಹುದು. ಮರವಂತೆಯವರಿಗೆ ಆಗ ತಾಲ್ಲೂಕು ಕೇಂದ್ರವೆಂದರೆ ಕುಂದಾಪುರ. ಮೊದಲು ಊರಿನಲ್ಲೇ ಸಿಗುತ್ತಿದ್ದ ಲೆಕ್ಕಿಗನಿಗೆ ಬದಲು ಬಸ್ಸು ಹತ್ತಬೇಕಾಯಿತು. ಆ ಬಸ್ಸಿನ ಚಾರ್ಜು 15 ರೂಪಾಯಿಯ ಲೆಕ್ಕದಲ್ಲಿ ಸೇರಿಲ್ಲ.

ಗುಂಡಿ ಒತ್ತಿದವನಿಗೆ ಉತ್ತರ

ಇನ್ನು ಜೀವದ ಪ್ರಶ್ನೆಗೆ ಬರೋಣ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಎದ್ದಾಗ ಕೇರಳ, ತಮಿಳುನಾಡುಗಳ ಎಷ್ಟೋ ಮೀನುಗಾರರು ಅದಾಗಲೇ ಆಳಸಮುದ್ರದಲ್ಲಿದ್ದರು. ಮೊಬೈಲ್ ಸಿಗ್ನಲ್ ದಡದಿಂದ 10-12 ಕಿಲೋಮೀಟರಿನಾಚೆ ಹೋಗುವುದಿಲ್ಲ. ಎಚ್ಚರಿಕೆ ಹೊರಟಿತು, ತಲುಪಲಿಲ್ಲ. ಈ ಅನುಭವದ ನಂತರ 2019ರಲ್ಲಿ ಜೆಮಿನಿ ಎಂಬ ಸಾಧನ ಬಂತು. ಗಗನ್ ವ್ಯವಸ್ಥೆಯ ಉಪಗ್ರಹದಿಂದ ಸಂದೇಶ ಪಡೆದು ಬ್ಲೂಟೂತ್ ಮೂಲಕ ಮೊಬೈಲಿಗೆ ದಾಟಿಸುವ ಪೆಟ್ಟಿಗೆ ಅದು. ಆದರೆ ಅದರಲ್ಲಿ ಕೇಳಿಸಿಕೊಳ್ಳಬಹುದಿತ್ತು, ಹೇಳುವಂತಿರಲಿಲ್ಲ.

ಹೇಳುವುದಕ್ಕೆ ಬೇರೆ ಸಾಧನವಿತ್ತು. ಅಪಾಯದಲ್ಲಿ ಸಿಲುಕಿದವರು ಗುಂಡಿ ಒತ್ತಿದರೆ ದೋಣಿ ಎಲ್ಲಿದೆ ಎಂಬ ವಿವರ ಉಪಗ್ರಹದ ಮೂಲಕ ನಿಯಂತ್ರಣ ಕೇಂದ್ರಕ್ಕೂ ಅಲ್ಲಿಂದ ಕರಾವಳಿ ಕಾವಲು ಪಡೆಗೂ ಹೋಗುವ ಇಸ್ರೊದ ಯಂತ್ರ 2010ರಿಂದಲೇ ಬಳಕೆಯಲ್ಲಿದೆ. ಕಾಗದದ ಮೇಲೆ ನೋಡಿದರೆ ಬೇಕಾದ್ದೆಲ್ಲ ಅದರಲ್ಲಿತ್ತು. ಈಗ ಕತ್ತಲಲ್ಲಿ, ನೀರು ತುಂಬುತ್ತಿರುವ ದೋಣಿಯಲ್ಲಿ ಆ ಗುಂಡಿ ಒತ್ತಿದವರ ಜಾಗದಲ್ಲಿ ನಿಮ್ಮನ್ನು ಕಲ್ಪಿಸಿಕೊಳ್ಳಿ. ಸಂದೇಶ ಹೋಯಿತೋ ಇಲ್ಲವೋ? ಯಾರಾದರೂ ನೋಡಿದರೋ? ದೋಣಿಯಲ್ಲೇ ಕಾಯಬೇಕೋ, ಈಜಲು ಇಳಿಯಬೇಕೋ?

2024ರಲ್ಲಿ ಬಂದ ಈ ಯಂತ್ರದ ಎರಡನೇ ತಲೆಮಾರಿನಲ್ಲಿ ಸೇರಿದ ಮುಖ್ಯ ಸೌಲಭ್ಯ ಇದೇ. ನಿಮ್ಮ ಕರೆ ತಲುಪಿದೆ ಎಂಬ ಮರುಸಂದೇಶ ಸಮುದ್ರಕ್ಕೆ ಹೋಗುತ್ತದೆ. ಮೊಬೈಲಿಗೆ ಜೋಡಿಸಿಕೊಂಡರೆ ಅದನ್ನು ತಮ್ಮ ಭಾಷೆಯಲ್ಲೇ ಓದಬಹುದು. ನೆರವು ಬರುತ್ತಿದೆ ಎಂಬ ಭರವಸೆ ಕೊಡುವುದು ಇದರ ಉದ್ದೇಶ ಎಂದು ಇಸ್ರೊ ಹೇಳಿಕೊಂಡಿದೆ. ರಕ್ಷಣಾ ಹಡಗು ಬರುವ ವೇಗ ಇದರಿಂದ ಹೆಚ್ಚುವುದಿಲ್ಲ. ಕಾಯುವ ಮನುಷ್ಯನಿಗೆ ಮಾತ್ರ ಎಲ್ಲವೂ ಬದಲಾಗುತ್ತದೆ.

ಇದೇ ಅಗತ್ಯದ ಚಿಕ್ಕ ರೂಪವನ್ನು ಯಾವ ಮೀನು ಮಾರ್ಕೆಟಿನಲ್ಲಿ ಬೇಕಾದರೂ ಕೇಳಬಹುದು. ಯುಪಿಐ ದುಡ್ಡು ಬಂದೊಡನೆ ಕನ್ನಡದಲ್ಲಿ ಕೂಗಿ ಹೇಳುವ ಸಣ್ಣ ಪೆಟ್ಟಿಗೆ. ಮೀನು ಕೊಯ್ಯುವ ಕೈ ಒದ್ದೆ, ಪರದೆ ಮುಟ್ಟುವ ಹಾಗಿಲ್ಲ. ಕಿವಿ ಖಾಲಿ ಇದೆ. ಮಾರುವ ಅಕ್ಕನಿಗೆ ಗಿರಾಕಿಯ ಮೊಬೈಲ್ ಇಣುಕಿ ನೋಡುವ ಮುಜುಗರವೂ ತಪ್ಪಿತು.

ರಟ್ಟಿನ ಕಂಪ್ಯೂಟರ್

ಇಂಥ ಅಗತ್ಯಗಳನ್ನು ಮೊದಲೇ ಕಂಡುಕೊಳ್ಳುವುದು ಹೇಗೆ? ಕೂತು ಊಹಿಸಿದರೆ ಸಿಗುವುದಿಲ್ಲ. 'ನಿಮಗೇನು ಬೇಕು' ಎಂದು ನೇರವಾಗಿ ಕೇಳಿದರೂ ಅರ್ಧವೇ ಸಿಗುತ್ತದೆ, ಏಕೆಂದರೆ ರೂಢಿಯಾದ ತೊಂದರೆ ತೊಂದರೆಯೆಂದೇ ಅನಿಸುವುದಿಲ್ಲ. ನಾರ್ವೆಯಲ್ಲಿ ಕ್ರಿಸ್ಟನ್ ನೈಗಾರ್ಡ್ 1970ರ ದಶಕದ ಆರಂಭದಲ್ಲಿ ಕಾರ್ಖಾನೆಯ ಕಾರ್ಮಿಕ ಸಂಘದ ಜೊತೆ ಕೂತು, ತಮ್ಮ ಕೆಲಸಕ್ಕೆ ಬರುವ ಕಂಪ್ಯೂಟರ್ ಹೇಗಿರಬೇಕು ಎಂಬುದನ್ನು ಕಾರ್ಮಿಕರೇ ನಿರ್ಧರಿಸುವ ದಾರಿ ಹುಡುಕಿದರು. 1981ರಲ್ಲಿ ಶುರುವಾದ 'ಯುಟೋಪಿಯಾ' ಯೋಜನೆಯಲ್ಲಿ ಮುದ್ರಣಾಲಯದ ಕೆಲಸಗಾರರ ಜೊತೆ ಸೇರಿ ರಟ್ಟಿನ ಡಬ್ಬಿಗಳನ್ನೇ ಪ್ರಿಂಟರ್ ಎಂದು ಇಟ್ಟುಕೊಂಡು ಕೆಲಸ ಮಾಡಿ ನೋಡಿದರು. ರಟ್ಟನ್ನು ತಿದ್ದಲು ಯಾರೂ ಹೆದರುವುದಿಲ್ಲ.

ಅದನ್ನು ನೆನೆದು ನಾವೂ ಮರವಂತೆಗೆ ಮೂರು ಹಾಳೆ ಒಯ್ದಿದ್ದೆವು, ಪ್ರತಿಯೊಂದರಲ್ಲೂ ಪೆನ್ನಿನಲ್ಲಿ ಬರೆದ ಒಂದೊಂದು ಮೊಬೈಲ್ ಪರದೆ. ಅಧ್ಯಯನ ಎನ್ನುವಷ್ಟು ದೊಡ್ಡದಲ್ಲ, ಒಂದು ಮಧ್ಯಾಹ್ನದ ಮಾತುಕತೆ. ಮೂರೂ ಹಾಳೆಗಳಲ್ಲಿ ನಾವು ಮೀನಿನ ಜಾಗವನ್ನು ಮೇಲಿಟ್ಟಿದ್ದೆವು. ಹಿರಿಯರ ಜೊತೆಗಿದ್ದ ತರುಣ ಪೆನ್ನು ಇಸಿದುಕೊಂಡು ಅದನ್ನು ಹೊಡೆದುಹಾಕಿ, ಗಾಳಿಯನ್ನು ಮೇಲಕ್ಕೆ ಬರೆದ. ಅದರ ಪಕ್ಕದಲ್ಲಿ 'ವಾಪಸ್ ಬಪ್ಪು ಹೊತ್ತಿಗೆ' ಎಂದು ಸೇರಿಸಿದ. ಹೋಗುವಾಗಿನ ಗಾಳಿ ಕಣ್ಣಿಗೇ ಕಾಣುತ್ತದೆ, ಅದಕ್ಕೆ ಆ್ಯಪ್ ಯಾಕೆ?

ಹೊರಡುವಾಗ ಹಿರಿಯರು ಇನ್ನೊಂದು ಕೇಳಿದರು. "ಆಳ್ದಲ್ ಅಲೆ ಎಷ್ಟಿತ್ತ್ ಅಂದ್ ಫೋನ್ ಹೇಳತ್ತ್ ಕಾಣಿ. ಬಂದರ್ ಬಾಗ್ಲಲ್ಲ್ ಎಷ್ಟಿತ್ತ್ ಅಂದ್ ಯಾರ್ ಹೇಳ್ತ್ರ್?"

ಸಮುದ್ರದ ಅಲೆ ದಡದತ್ತ ಬಂದಂತೆ ಆಳ ಕಡಿಮೆಯಾಗುತ್ತದೆ, ಅಲೆಯ ವೇಗ ತಗ್ಗುತ್ತದೆ, ಹಿಂದಿನಿಂದ ಬರುವ ಶಕ್ತಿ ಅಲ್ಲೇ ಒಟ್ಟಾಗಿ ಅಲೆ ಎತ್ತರಕ್ಕೆದ್ದು ಮುರಿಯುತ್ತದೆ. ಹೊಳೆಯ ಅಳಿವೆಯಲ್ಲಿ, ತಡೆಗೋಡೆಯ ಬಾಯಿಯಲ್ಲಿ ಇದು ಇನ್ನೂ ಹಟಮಾರಿ. ಕೆಳಗಿನ ಮರಳು ಮಳೆಗಾಲದುದ್ದಕ್ಕೂ ಜಾಗ ಬದಲಿಸುತ್ತಿರುತ್ತದೆ. ಎಷ್ಟೋ ದಿನ ನಾಡದೋಣಿಗೆ ಕಠಿಣವಾದ ಜಾಗ ದೂರದ ಸಮುದ್ರವಲ್ಲ, ಮನೆ ಕಾಣಿಸುವ ಈ ಕೊನೆಯ ನೂರು ಮೀಟರ್. ನಮ್ಮ ಮೂರು ಹಾಳೆಗಳಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ನಾಲ್ಕನೇ ಹಾಳೆ ತೆಗೆದು, 'ಬಾಗಿಲು' ಎಂದು ಬರೆದು, ಅವರು ಹೇಳುತ್ತ ಹೋದ ಹಾಗೆ ಗೀಚಿಕೊಳ್ಳುತ್ತ ಹೋದೆವು. ಅಷ್ಟರಲ್ಲಿ ಮಳೆ ಮತ್ತೆ ಹಿಡಿಯಿತು.